ನಿದ್ದೆ ಮಾತ್ರೆ ಬಿಡಿ, ಆದರೆ ಒಮ್ಮೆಲೇ ಬೇಡ

ಕಳೆದ ಸಂಚಿಕೆಯ ಸಮಸ್ಯೆ: ನನಗೆ 61 ವರ್ಷ. ಯಜಮಾನರು ತೀರಿಕೊಂಡ ಹೊಸದರಲ್ಲಿ ನಿದ್ದೆಯೇ ಬರುತ್ತಿರಲಿಲ್ಲ. ಡಾಕ್ಟರು ಅಲ್ಪ್ರಜೋಲಾಮ್ 0.5 ಬರೆದುಕೊಟ್ಟರು. ಏಳು ವರ್ಷವಾಯಿತು, ಈಗಲೂ ರಾತ್ರಿ ಒಂದು ಮಾತ್ರೆ ಬೇಕೇ ಬೇಕು. ಮರೆವು ಜಾಸ್ತಿಯಾಗಿದೆ. ಬೆಳಿಗ್ಗೆ ತಲೆ ಭಾರ. ಮೊನ್ನೆ ಮಗ "ಅಮ್ಮ, ನಿನಗಿದು ಚಟವಾಗಿದೆ" ಎಂದ. ಬೇಜಾರಾಗಿ ಒಂದೇ ಸಲಕ್ಕೆ ಬಿಟ್ಟೆ. ಎರಡನೇ ರಾತ್ರಿ ಕೈ ನಡುಕ, ಬೆವರು, ಎದೆ ಡವಡವ. ಹೆದರಿ ಮತ್ತೆ ಶುರು ಮಾಡಿದೆ. ಇದರಿಂದ ಹೊರಗೆ ಬರಲು ಆಗುತ್ತದೆಯೇ?
— ಓದುಗಿ, ತೀರ್ಥಹಳ್ಳಿ

ಅಕ್ಕ, ಮತ್ತೆ ಮಾತ್ರೆ ಶುರು ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಆ ರಾತ್ರಿ ನೀವು ಮಾಡಿದ್ದೇ ಸರಿ. ವರ್ಷಗಟ್ಟಲೆ ತೆಗೆದುಕೊಂಡವರು ಈ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ಮಾನಸಿಕ ಆರೋಗ್ಯ ವಾರ್ಡಿನಲ್ಲಿ ನರ್ಸ್ ಆಗಿದ್ದಾಗ ಹಾಗೆ ಬಂದವರನ್ನು ನೋಡಿದ್ದೇನೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಬಿಟ್ಟವರು.

ನಮ್ಮ ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಇದೆ. ನರಗಳ ಗಡಿಬಿಡಿಗೆ ಅದೇ ಬ್ರೇಕು. ಅಲ್ಪ್ರಜೋಲಾಮ್, ಕ್ಲೋನಜೆಪಾಮ್, ಲೊರಾಜೆಪಾಮ್, ಡಯಾಜೆಪಾಮ್ ಎಲ್ಲವೂ ಆ ಬ್ರೇಕಿನ ಬಲ ಹೆಚ್ಚಿಸುತ್ತವೆ. ದಿನಾ ಹೊರಗಿನಿಂದ ಬಲ ಬರುತ್ತಿದ್ದರೆ ಮೆದುಳು ತನ್ನ ಕಡೆಯಿಂದ ಸಡಿಲ ಬಿಡುತ್ತದೆ. ಮಾತ್ರೆ ನಿಂತ ಕೂಡಲೇ ನಡುಕ, ಬೆವರು, ಗಾಬರಿ ಎಲ್ಲ ಒಟ್ಟಿಗೆ ಏಳುವುದು ಅದಕ್ಕೇ. ಅದರಲ್ಲೂ ಅಲ್ಪ್ರಜೋಲಾಮ್ ಬೇಗ ಇಳಿಯುವ ಮಾತ್ರೆ. ಸಾಮಾನ್ಯವಾಗಿ 11-12 ಗಂಟೆಯಲ್ಲಿ ರಕ್ತದಲ್ಲಿ ಅರ್ಧದಷ್ಟಾಗುತ್ತದೆ, ವಯಸ್ಸಾದವರಲ್ಲಿ ಸ್ವಲ್ಪ ನಿಧಾನ. ಎರಡನೇ ರಾತ್ರಿಯೇ ನಿಮಗೆ ಹಾಗಾಗಿದ್ದರಲ್ಲಿ ಆಶ್ಚರ್ಯವಿಲ್ಲ.

ಇದು ನಿಮ್ಮ ಮನಸ್ಸಿನ ದೌರ್ಬಲ್ಯವಲ್ಲ. ಬರೆದುಕೊಟ್ಟ ಮಾತ್ರೆಯನ್ನು ಬರೆದಷ್ಟೇ ತೆಗೆದುಕೊಂಡಿದ್ದೀರಿ. ಡೋಸ್ ಏರಿಸಿಲ್ಲ. ದೇಹ ಒಗ್ಗಿಕೊಂಡಿದೆ, ಅಷ್ಟೇ. ಒಗ್ಗಿಕೊಂಡ ದೇಹವನ್ನು ನಿಧಾನವಾಗಿ ಬಿಡಿಸಬಹುದು.

ಎಷ್ಟು ನಿಧಾನ? ಅಮೆರಿಕದ ತಜ್ಞ ವೈದ್ಯರ ಸಂಘಗಳು 2025ರಲ್ಲಿ ಒಂದು ಮಾರ್ಗಸೂಚಿ ತಂದಿವೆ. ಮೊದಲು ಡೋಸ್‌ನ ಶೇ 5ರಿಂದ 10ರಷ್ಟು ಮಾತ್ರ ಇಳಿಸಿ, ಎರಡರಿಂದ ನಾಲ್ಕು ವಾರ ನೋಡಿ, ಆಮೇಲೆ ಮುಂದಿನ ಹೆಜ್ಜೆ. ಎರಡು ವಾರಕ್ಕೆ ಶೇ 25ಕ್ಕಿಂತ ಜಾಸ್ತಿ ಇಳಿಸಲೇಬಾರದು. ಅಂದರೆ ತಿಂಗಳುಗಳ ಕೆಲಸ. ಕೆಲವರಿಗೆ ವರ್ಷವೂ ಹಿಡಿಯಬಹುದು. ನಿಮ್ಮ ಮಾತ್ರೆಯನ್ನು ಅಷ್ಟು ಸಣ್ಣದಾಗಿ ತುಂಡು ಮಾಡುವುದು ಕಷ್ಟ. ಹಾಗಾಗಿ ಕೆಲವು ಡಾಕ್ಟರು ನಿಧಾನವಾಗಿ ಇಳಿಯುವ ಬೇರೆ ಮಾತ್ರೆಗೆ ಬದಲಿಸಿ, ಅದನ್ನು ಇಳಿಸುತ್ತಾರೆ. ಆದರೆ ವಯಸ್ಸಾದವರ ದೇಹದಲ್ಲಿ ಅಂಥ ಮಾತ್ರೆ ಉಳಿದುಕೊಂಡು ಹಗಲೂ ಮಂಪರು ತರಬಹುದು. ಅದನ್ನು ತೂಗಿ ನೋಡುವುದು ಡಾಕ್ಟರ ಕೆಲಸ. ಮನೆಯಲ್ಲೇ ನೀವಾಗಿ ಮಾಡಬೇಡಿ, ಪ್ಲೀಸ್.

ಹಿಂದೆ ಎಂದಾದರೂ ಫಿಟ್ಸ್ ಬಂದಿದ್ದರೆ, ಬೇರೆ ಮಾತ್ರೆ ಏನಾದರೂ ನಡೆಯುತ್ತಿದ್ದರೆ ಮೊದಲೇ ಹೇಳಿಬಿಡಿ. ಇಳಿಸುವಾಗ ಫಿಟ್ಸ್ ಬಂದರೆ, ಇಲ್ಲದ್ದು ಕಂಡಂತೆ ಕೇಳಿದಂತೆ ಆದರೆ, ತೀರಾ ಗೊಂದಲವಾದರೆ, ಜೀವವೇ ಬೇಡ ಅನ್ನಿಸಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.
— ನಿವೃತ್ತ ನರ್ಸ್, ಧಾರವಾಡ

ಆಗುತ್ತದೆ ಅಕ್ಕ. ನಾನು ಬಿಟ್ಟಿದ್ದೇನೆ. ನನ್ನದು ಕ್ಲೋನಜೆಪಾಮ್, ವರ್ಷಗಳಿಂದ ನಡೆದಿತ್ತು.

ಡೋಸ್ ಇಳಿಸಿದ ಪ್ರತಿ ಸಲ ಕೆಲವು ದಿನ ನಿದ್ದೆ ಕೆಡುತ್ತಿತ್ತು. ವಿಚಿತ್ರ ಕನಸುಗಳು. ಮಿಕ್ಸಿ ಶಬ್ದ ಕೇಳಿದರೂ ಸಿಡಿಮಿಡಿ. "ನೋಡು, ಮಾತ್ರೆ ಇಲ್ಲದೆ ನಿನಗೆ ನಿದ್ದೆಯೇ ಇಲ್ಲ" ಎಂದು ಮನಸ್ಸು ಹೇಳುತ್ತಿತ್ತು. ಇದು ಮಾತ್ರೆ ಇಳಿಯುವಾಗಿನ ತೊಂದರೆ, ಹೀಗೇ ಉಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರಿಂದ ತಡೆದುಕೊಂಡೆ. ಕೆಲವು ದಿನಕ್ಕೆ ತಹಬಂದಿಗೆ ಬರುತ್ತಿತ್ತು. ಬಾರದಿದ್ದರೆ ಅದೇ ಡೋಸ್‌ನಲ್ಲಿ ಇನ್ನಷ್ಟು ದಿನ ನಿಲ್ಲಿಸುತ್ತಿದ್ದರು, ಅವಸರ ಮಾಡುತ್ತಿರಲಿಲ್ಲ. ಕೊನೆಯ ಚೂರು ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಅಲ್ಲಿ ಇನ್ನೂ ನಿಧಾನ ಮಾಡಿದೆವು.

ಜೊತೆಗೆ ನಿದ್ದೆಯ ಅಭ್ಯಾಸವನ್ನೂ ತಿದ್ದಿಸಿದರು. ರಾತ್ರಿ ಎಷ್ಟೇ ಹೊತ್ತಿಗೆ ನಿದ್ದೆ ಬರಲಿ, ಬೆಳಿಗ್ಗೆ ಐದೂವರೆಗೆ ಏಳಲೇಬೇಕು. ಮಧ್ಯಾಹ್ನ ಊಟವಾದ ಮೇಲೆ ಕಾಫಿ ಇಲ್ಲ, ಮಲಗುವಂತೆಯೂ ಇಲ್ಲ. ನಮ್ಮ ಕಡೆಯ ಸೆಕೆಗೆ ಮಧ್ಯಾಹ್ನ ಮಲಗದೇ ಇರುವುದು ಸುಮ್ನೆ ಮಾತಲ್ಲ! ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಬರಬೇಕು, ಮೊಬೈಲ್ ಮುಟ್ಟಬಾರದು. ನಾನು ಹಾಲ್‌ನಲ್ಲಿ ಸಣ್ಣ ದೀಪ ಹಾಕಿಕೊಂಡು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ಮೊದಮೊದಲು ಕೈ ನಡುಗಿ ಬತ್ತಿ ಗಂಟುಗಂಟಾಗುತ್ತಿತ್ತು. ಕಣ್ಣು ಎಳೆಯತೊಡಗಿದಾಗ ಮಾತ್ರ ಹೋಗಿ ಮಲಗುವುದು.

ಪಕ್ಕದ ಮನೆಯವರು ಹಾಲಿಗೆ ಜಾಯಿಕಾಯಿ ತೇಯ್ದು ಕುಡಿ ಎಂದರು. ಡಾಕ್ಟರು ಬೇಡವೆಂದರು. ಜಾಯಿಕಾಯಿ ಜಾಸ್ತಿಯಾದರೆ ಅದೂ ವಿಷವೇ. ಈಗ ರಾತ್ರಿ ಎಂಟು ಗಂಟೆ ನಿದ್ದೆ ಬರುವುದಿಲ್ಲ, ನಡುವೆ ಎಚ್ಚರವೂ ಆಗುತ್ತದೆ. ಈ ವಯಸ್ಸಿಗೆ ನಿದ್ದೆ ಇಷ್ಟು ಹಗುರವಾಗುವುದು ಸಹಜವಂತೆ. ಆದರೆ ಬೆಳಿಗ್ಗೆ ತಲೆ ತಿಳಿಯಾಗಿರುತ್ತದೆ. ಯಾರದೋ ಹೆಸರು ನೆನಪಿಸಿಕೊಳ್ಳಲು ತಡಕಾಡುವುದಿಲ್ಲ.
— ಓದುಗಿ, ಕುಂದಾಪುರ

ಇದು ನಿಮ್ಮ ಮಗನಿಗೆ. ತಮ್ಮಾ, ಅಮ್ಮನಿಗೆ ಚಟ ಅನ್ನಬೇಡಿ. ನನ್ನ ತಾಯಿಯೂ ಇದೇ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ರಾತ್ರಿ ಬಚ್ಚಲಿಗೆ ಎದ್ದವರು ಮಂಪರಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ವಯಸ್ಸಾದವರಿಗೆ ಈ ಮಾತ್ರೆಯಿಂದ ಬೀಳುವ ಅಪಾಯ ಜಾಸ್ತಿ ಎಂದು ಆಗಲೇ ತಿಳಿದದ್ದು. ಹಾಸಿಗೆಯಿಂದ ಬಚ್ಚಲಿನ ತನಕ ಒಂದು ಸಣ್ಣ ದೀಪ ಇವತ್ತೇ ಹಾಕಿಸಿ. ಡಾಕ್ಟರ ಹತ್ತಿರ ಜೊತೆಯಲ್ಲಿ ಹೋಗಿ. ಇಳಿಸುವ ದಿನಗಳಲ್ಲಿ ಅಮ್ಮ ಸಿಡುಕಿದರೆ ತಿರುಗಿ ಸಿಡುಕಬೇಡಿ.
— ಓದುಗ, ಬೆಂಗಳೂರು

ಅಮ್ಮ, ಕೆನಡಾದ ಕ್ವಿಬೆಕ್‌ನಲ್ಲಿ ಮಾಡಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. 65 ದಾಟಿದವರಿಗೆ ಈ ಮಾತ್ರೆಯ ಅಪಾಯ ಏನು, ಹಂತಹಂತವಾಗಿ ಹೇಗೆ ಇಳಿಸಬೇಕು ಎಂದು ತಿಳಿಸುವ ಒಂದು ಪುಸ್ತಿಕೆ ಕೊಟ್ಟರು. ಆರು ತಿಂಗಳಲ್ಲಿ ಅವರಲ್ಲಿ ಶೇ 27ರಷ್ಟು ಜನ ಪೂರ್ತಿ ಬಿಟ್ಟಿದ್ದರು. ಪುಸ್ತಿಕೆ ಸಿಗದವರಲ್ಲಿ ಬಿಟ್ಟವರು ಶೇ 5 ಮಾತ್ರ. ನಿಮಗಿಂತ ಹಿರಿಯರು ಬಿಟ್ಟಿದ್ದಾರೆ, ಧೈರ್ಯವಾಗಿರಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ ಇರುತ್ತದೆ ಎಂದೂ ವಿಚಾರಿಸಿ. ಇನ್ನೊಂದು ಮಾತು. ಆ ಮಾತ್ರೆ ಶುರುವಾದದ್ದು ದುಃಖದಲ್ಲಿ. ಆ ದುಃಖವನ್ನು ಯಾರ ಹತ್ತಿರವಾದರೂ ಹೇಳಿಕೊಂಡಿದ್ದೀರಾ? ಡಾಕ್ಟರ ಮುಂದೆ ಅದನ್ನೂ ಹೇಳಿ.
— ವೈದ್ಯೆ, ಮೈಸೂರು

ಮೆಡಿಕಲ್ ಶಾಪ್ ನಡೆಸುವವನಾಗಿ ನಾಲ್ಕು ಮಾತು. ಅಲ್ಪ್ರಜೋಲಾಮ್ ಎಚ್1 ಎಂಬ, ಬಿಗಿ ನಿಯಮದ ಔಷಧಗಳ ಸರ್ಕಾರಿ ಪಟ್ಟಿಯಲ್ಲಿದೆ. 2014ರ ಮಾರ್ಚ್‌ನಿಂದ ಈ ನಿಯಮ ಇದೆ. ಚೀಟಿ ಇಲ್ಲದೆ ಕೊಡುವಂತಿಲ್ಲ. ಕೊಟ್ಟದ್ದನ್ನು ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಎಂದು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಅಂಗಡಿಯವರು "ಚೀಟಿ ತನ್ನಿ" ಎಂದರೆ ಅವಮಾನ ಎಂದುಕೊಳ್ಳಬೇಡಿ.

ಅರ್ಧ ಮಾಡಲು ಚಾಕು ಬೇಡ, ಪುಡಿಯಾಗುತ್ತದೆ. ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ಸಿಗುತ್ತದೆ. ಹೆಸರಿನ ಮುಂದೆ ಎಸ್‌ಆರ್ ಅಥವಾ ಸಿಆರ್ ಎಂದಿದ್ದರೆ ಆ ಮಾತ್ರೆ ಕತ್ತರಿಸಲೇಬಾರದು, ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧ ಒಮ್ಮೆಲೇ ಬಿಡುಗಡೆಯಾಗುತ್ತದೆ. ಮಾತ್ರೆ ಬದಲು ಕೆಮ್ಮಿನ ಸಿರಪ್ಪು, ಶೀತದ ಮಾತ್ರೆ ಕುಡಿದು ಮಲಗುವವರಿದ್ದಾರೆ, ಅದೂ ಬೇಡ. ಮುಖ್ಯವಾಗಿ, ಸ್ಟ್ರಿಪ್ ಪೂರ್ತಿ ಖಾಲಿಯಾಗುವ ತನಕ ಕಾಯಬೇಡಿ. ನಾಲ್ಕೈದು ದಿನದ ಮಾತ್ರೆ ಉಳಿದಿರುವಾಗಲೇ ಹೋಗಿ ಚೀಟಿ ಬರೆಸಿಕೊಳ್ಳಿ. ಹಬ್ಬ, ಭಾನುವಾರ ಎಂದು ಡಾಕ್ಟರು ಸಿಗದೆ ನಡುವೆ ಎರಡು ದಿನ ತಪ್ಪಿದರೆ ಮತ್ತೆ ಅದೇ ನಡುಕ ಬರುತ್ತದೆ.
— ಔಷಧ ವ್ಯಾಪಾರಿ, ದಾವಣಗೆರೆ