ಪಾರ್ಕ್ ಬಾವಿ ನೀರು: ಮೂರನೇ ಕ್ರಾಸ್ ಗುಂಪು

ಮನೆ 27 (ರಾತ್ರಿ 2:40): ಸಾಕಾಯ್ತು! ಸಂಜೆಯಿಂದ ಮಗಳಿಗೆ ಏಳು ಸಲ ವಾಂತಿ ಭೇದಿ. ಬಕೆಟ್‌ಗೆ ನೀರು ಹಿಡಿದರೆ ಚರಂಡಿ ವಾಸನೆ, ತಳದಲ್ಲಿ ಕಪ್ಪು ಕೆಸರು. ಹೋದ ಮಳೆಗಾಲದಲ್ಲೂ ಇದೇ ಆಗಿತ್ತು. ಆಗಲೂ ಎಲ್ಲರೂ ಸುಮ್ನಿದ್ದೆವು.

ಮನೆ 3: ನಾನು ಅವತ್ತೇ ಹೇಳಿದ್ದೆ. ಮೂಲೆ ಕೊಟ್ಟಿಗೆ! ಸಗಣಿಯೆಲ್ಲ ಮೋರಿಗೆ. ಇವತ್ತೇ ಎತ್ತಂಗಡಿ ಮಾಡಿಸಬೇಕು.

ಮನೆ 12: ಅವರ ಹಾಲೇ ನಿಮ್ಮ ಮನೆಗೂ ಬರುತ್ತದೆ ಸರ್. ಎದುರಿನ ಅಪಾರ್ಟ್‌ಮೆಂಟಿನ ಶೌಚದ ಪಿಟ್ ತುಂಬಿ ಹರಿಯೋದು ಕಾಣಲ್ವಾ?

ಮನೆ 8: ನಾಯಿ ಸಾಕಿದವರನ್ನೂ ಕೇಳಿ. ದಿನಾ ಬಾವಿ ಪಕ್ಕವೇ ವಾಕಿಂಗ್.

ಮನೆ 19: ಶುಭೋದಯ 🌹 ತಾಮ್ರದ ಚೊಂಬಿನ ನೀರು ಕುಡಿದರೆ ಎಲ್ಲ ರೋಗ ಮಾಯ. ಹತ್ತು ಜನರಿಗೆ ಕಳಿಸಿ.

ಮನೆ 27: ಅಂಕಲ್, ಈಗ ಬೇಡ. ಮಗುವಿಗೆ ಡ್ರಿಪ್ ಹಾಕಿದ್ದಾರೆ.

ಮನೆ 31: ಮಗು ಬೇಗ ಹುಷಾರಾಗಲಿ ಅಕ್ಕ. ಎಲ್ಲರೂ ನೀರು ಕುದಿಸಿಯೇ ಕುಡಿಯಿರಿ. ಲ್ಯಾಬ್‌ನಲ್ಲಿ ಕೆಲಸ ಮಾಡಿದವಳಾಗಿ ಒಂದು ಮಾತು. ಈ-ಕೋಲಿ (ಕರುಳಿನಲ್ಲಿರುವ ಒಂದು ಬ್ಯಾಕ್ಟೀರಿಯಾ) ಟೆಸ್ಟ್ ನೀರಿಗೆ ಮಲ ಸೇರಿದೆ ಅಂತ ಹೇಳುತ್ತದೆ, ಯಾರದು ಅಂತ ಹೇಳಲ್ಲ. ಅದಕ್ಕೆ ಸ್ಟೆರಾಲ್, ಅಂದರೆ ಕೊಲೆಸ್ಟೆರಾಲ್ ಜಾತಿಯ ಕೊಬ್ಬಿನಂಥ ವಸ್ತುಗಳನ್ನು ನೋಡಬೇಕು. ನಮ್ಮ ಕರುಳಿನ ಬ್ಯಾಕ್ಟೀರಿಯಾ ಕೊಲೆಸ್ಟೆರಾಲನ್ನು ಕೊಪ್ರೊಸ್ಟನಾಲ್ ಮಾಡುತ್ತವೆ. ಮನುಷ್ಯರ ಮಲದ ಸ್ಟೆರಾಲ್‌ಗಳಲ್ಲಿ ಸುಮಾರು 60% ಅದೇ. ಹಸು ತಿನ್ನುವ ಹುಲ್ಲಿನಲ್ಲಿರುವ ಸಿಟೊಸ್ಟೆರಾಲ್ 24-ಈಥೈಲ್‌ಕೊಪ್ರೊಸ್ಟನಾಲ್ ಆಗುತ್ತದೆ. ಸಗಣಿಯಲ್ಲಿ ಅದು ಜಾಸ್ತಿ, ಕೊಪ್ರೊಸ್ಟನಾಲ್ ಸ್ವಲ್ಪ. ಹಾಗಾಗಿ ಎರಡನ್ನೂ ಅಳೆದು ಹೋಲಿಸಬೇಕು. ನಾಯಿಯ ಮಲದಲ್ಲಿ ಕೊಪ್ರೊಸ್ಟನಾಲ್ ಇಲ್ಲವೆನ್ನುವಷ್ಟು ಕಡಿಮೆ.

ಇವು ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಕೆಸರಿಗೆ ಅಂಟಿಕೊಂಡು ಬಹಳ ದಿನ ಉಳಿಯುತ್ತವೆ. ಆ ಬಕೆಟ್ ಚೆಲ್ಲಬೇಡಿ ಅಕ್ಕ! ತೊಳೆದ ಗಾಜಿನ ಬಾಟಲಿಗೆ ಕೆಸರು ಹಾಕಿ, ಮುಕ್ಕಾಲು ಮಾತ್ರ ತುಂಬಿಸಿ ಫ್ರೀಜರ್‌ನಲ್ಲಿಡಿ. ಪ್ಲಾಸ್ಟಿಕ್ ಬೇಡ. ಕೊಟ್ಟಿಗೆ ಮೋರಿ, ಅಪಾರ್ಟ್‌ಮೆಂಟ್ ಪಿಟ್ ಪಕ್ಕದ ಕೆಸರೂ ಬೇಕು. ಇಂಥ ವಸ್ತುಗಳನ್ನು ಬೇರ್ಪಡಿಸಿ ಗುರುತಿಸುವ ಜಿಸಿ-ಎಂಎಸ್ ಯಂತ್ರ ಇರುವ ಲ್ಯಾಬ್‌ಗೆ ಕೊಡೋಣ.

ಮನೆ 3: ಸಗಣಿ ಕಣ್ಣಿಗೇ ಕಾಣುತ್ತದೆ. ಅದಕ್ಕೂ ಯಂತ್ರ ಬೇಕಾ?

ಮನೆ 12: ಬೇಕು. ರಿಪೋರ್ಟ್ ಬಂದರೆ ನೀವೂ ಒಪ್ಪಬೇಕು.

ಮನೆ 3: ದುಡ್ಡು ಯಾರು ಕೊಡ್ತಾರೆ? ಮೇಂಟೆನೆನ್ಸ್ ಬಾಕಿ ಇಟ್ಟವರು ಮೊದಲು ಕಟ್ಟಲಿ.

ಮನೆ 8: ಅಲ್ಲಿವರೆಗೂ ನೀರಿಗೇನು? ಟ್ಯಾಂಕರ್ ಹೇಳಿದ್ದೇನೆ, ಆದರೆ ಒಳಗೆ ಬರೋಕೆ ಆಗ್ತಿಲ್ಲ. 12ರವರ ಕಾರು ಅಡ್ಡ ಇದೆ.

ಮನೆ 12: ನಮ್ಮ ಗೇಟ್ ಮುಂದೆ 8ರವರ ಸ್ಕೂಟರ್ ಇದೆ, ಅದನ್ನೂ ಹೇಳಿ.

ಮನೆ 3: ಭಾನುವಾರ 10ಕ್ಕೆ ಮೀಟಿಂಗ್. ವಿಷಯ: ಪಾರ್ಕಿಂಗ್.

ಮನೆ 27: ಮಗಳು ಈಗ ಸ್ವಲ್ಪ ಗಂಜಿ ಕುಡಿದಳು. ಬಾಟಲಿ ನಮ್ಮ ಫ್ರೀಜರ್‌ನಲ್ಲಿದೆ. ಮೋರಿ ಕೆಸರು ತರೋಕೆ ಯಾರಾದರೂ ಬರ್ತೀರಾ?

ಮನೆ 31: ನಾನು ಆರಕ್ಕೆ ಬರುತ್ತೇನೆ.