ಈಸ್ಟ್ರೋಜನ್ ಜೆಲ್‌ನಿಂದಲೇ ಗುಣ ಕಂಡಿರುವಾಗ ಪ್ರೊಜೆಸ್ಟರಾನ್ ಏಕೆ ಬೇಕು?

ಪ್ರಶ್ನೆ

ನನಗೆ 52 ವರ್ಷ. ಮುಟ್ಟು ನಿಂತು ಒಂದೂವರೆ ವರ್ಷವಾಗಿದೆ. ರಾತ್ರಿ ಮೈಯೆಲ್ಲ ಬೆವೆತು, ಹೊದಿಕೆ ಒದ್ದು ಎದ್ದು ಕೂರುವ ಸ್ಥಿತಿ ತಿಂಗಳುಗಟ್ಟಲೆ ಇದ್ದುದರಿಂದ ವೈದ್ಯರು ತೋಳಿಗೆ ಹಚ್ಚುವ ಈಸ್ಟ್ರೋಜನ್ ಜೆಲ್ ಮತ್ತು ರಾತ್ರಿ ನುಂಗಲು 100 ಮಿ.ಗ್ರಾಂ. ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ಬರೆದುಕೊಟ್ಟರು. ಬೆವರುವುದು ನಿಂತಿದೆ. ಆದರೆ ಊಟವಾದ ಕೂಡಲೇ ಕ್ಯಾಪ್ಸೂಲ್ ನುಂಗಿದರೆ ತಲೆ ತೂಗಿದಂತಾಗುತ್ತದೆ, ಬೆಳಿಗ್ಗೆ ಹಲ್ಲುಜ್ಜುವಾಗಲೂ ಗೋಡೆ ಹಿಡಿದು ನಿಲ್ಲಬೇಕಾಗುತ್ತದೆ. ಗರ್ಭಕೋಶ ತೆಗೆಸಿಕೊಂಡಿರುವ ನನ್ನ ಅಕ್ಕನಿಗೆ ಜೆಲ್ ಮಾತ್ರ ಕೊಟ್ಟಿದ್ದಾರೆ. ನಾನೂ ಅದೊಂದನ್ನೇ ಮುಂದುವರಿಸಬಹುದೇ?

ಉತ್ತರ 1 (ಸ್ತ್ರೀರೋಗ ತಜ್ಞೆ)

ದಯವಿಟ್ಟು ಕ್ಯಾಪ್ಸೂಲನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಮ್ಮ ಅಕ್ಕನವರಿಗೆ ಗರ್ಭಕೋಶವಿಲ್ಲ, ನಿಮಗಿದೆ, ವ್ಯತ್ಯಾಸವೆಲ್ಲ ಅಲ್ಲಿದೆ. ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಮುಟ್ಟಾಗುತ್ತಿದ್ದ ವರ್ಷಗಳಲ್ಲಿ, ಅಂಡ ಬಿಡುಗಡೆಯಾದ ಮೇಲೆ ಅಂಡಾಶಯವೇ ಸ್ರವಿಸುತ್ತಿದ್ದ ಪ್ರೊಜೆಸ್ಟರಾನ್ ಆ ಬೆಳವಣಿಗೆಗೆ ತಡೆಯೊಡ್ಡುತ್ತಿತ್ತು, ಅದರ ಮಟ್ಟ ಇಳಿದಾಗ ಪದರ ಕಳಚಿ ಮುಟ್ಟಾಗಿ ಹೊರಬರುತ್ತಿತ್ತು. ಈಗ ಈಸ್ಟ್ರೋಜನ್ ಹೊರಗಿನಿಂದ ಬರುತ್ತಿದೆ, ತಡೆಯುವ ಹಾರ್ಮೋನನ್ನೂ ಹೊರಗಿನಿಂದಲೇ ಕೊಡಬೇಕು. ಈಸ್ಟ್ರೋಜನ್ ಒಂದನ್ನೇ ಪಡೆದವರಲ್ಲಿ ಈ ಪದರದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚು ಎಂದು 1975ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ನಂತರ ಅಮೆರಿಕದಲ್ಲಿ ನಡೆದ ಪೆಪಿ ಅಧ್ಯಯನದಲ್ಲಿ, ಗರ್ಭಕೋಶವಿದ್ದೂ ಈಸ್ಟ್ರೋಜನ್ ಮಾತ್ರ ಸೇವಿಸಿದವರ ಪೈಕಿ ಸುಮಾರು ಮೂರನೇ ಒಂದು ಭಾಗದವರಲ್ಲಿ ಮೂರೇ ವರ್ಷಗಳಲ್ಲಿ ಪದರ ಕ್ಯಾನ್ಸರಿಗೆ ತಿರುಗಬಹುದಾದ ರೀತಿಯಲ್ಲಿ ಬೆಳೆದಿತ್ತು. ಬೆವರು ನಿಂತಿತೆಂಬುದು ಒಳಪದರ ಸುರಕ್ಷಿತವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಮಂಪರಿಗೆ ಕಾರಣವಿದೆ. ನುಂಗಿದ ಪ್ರೊಜೆಸ್ಟರಾನ್ ಯಕೃತ್ತಿನಲ್ಲಿ ಅಲೋಪ್ರೆಗ್ನನೊಲೋನ್ ಎಂಬ ವಸ್ತುವಾಗಿ ಬದಲಾಗಿ ಮಿದುಳನ್ನು ಶಾಂತಗೊಳಿಸುತ್ತದೆ. ಮಲಗುವ ಹೊತ್ತಿಗೆ ಕೊಡುವುದು ಅದಕ್ಕಾಗಿಯೇ. ಊಟದೊಂದಿಗೆ ಅದು ಹೆಚ್ಚು ಹೀರಲ್ಪಡುವುದರಿಂದ, ಊಟವಾಗಿ ಎರಡು ಗಂಟೆ ಕಳೆದ ಮೇಲೆ ನುಂಗಿ ನೋಡಿ. ಆಗಲೂ ತಾಳಲಾಗದಿದ್ದರೆ, ಗರ್ಭಕೋಶದೊಳಗೆ ಇಡುವ, ಲೆವೊನಾರ್ಜೆಸ್ಟ್ರಲ್ ಎಂಬ ಪ್ರೊಜೆಸ್ಟರಾನ್ ಗುಂಪಿನ ಔಷಧಿಯನ್ನು ಸೂಸುವ ಸಾಧನದ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಚರ್ಮಕ್ಕೆ ಹಚ್ಚುವ ಪ್ರೊಜೆಸ್ಟರಾನ್ ಕ್ರೀಮ್ ಮಾತ್ರ ಬೇಡ, ಅದು ಒಳಪದರಕ್ಕೆ ಸಾಕಷ್ಟು ರಕ್ಷಣೆ ಕೊಡುತ್ತದೆಂದು ನಂಬುವಂತಿಲ್ಲ.

ಉತ್ತರ 2

ನಾನು ಇದೇ ತಪ್ಪು ಮಾಡಿದವಳು. ಹೊಟ್ಟೆ ಉಬ್ಬರಿಸುತ್ತದೆಂದು ಕ್ಯಾಪ್ಸೂಲ್ ಬಿಟ್ಟು, ಯಾರಿಗೂ ಹೇಳದೆ ಎಂಟು ತಿಂಗಳು ಈಸ್ಟ್ರೋಜನ್ ಪ್ಯಾಚ್ ಮಾತ್ರ ಅಂಟಿಸಿಕೊಂಡೆ. ಒಂದು ಬೆಳಿಗ್ಗೆ ಒಳಉಡುಪಿನಲ್ಲಿ ಕಂದುಬಣ್ಣದ ಕಲೆ ಕಂಡಿತು. ಸ್ಕ್ಯಾನ್‌ನಲ್ಲಿ ಗರ್ಭಕೋಶದ ಒಳಪದರ 11 ಮಿ.ಮೀ. ದಪ್ಪಕ್ಕೆ ಬೆಳೆದಿತ್ತು. ಬಯಾಪ್ಸಿಯ ವರದಿ ಬರುವವರೆಗಿನ ಆ ದಿನಗಳಲ್ಲಿ ಅನುಭವಿಸಿದ ಭಯ ಯಾರಿಗೂ ಬೇಡ. ಕ್ಯಾನ್ಸರ್ ಇರಲಿಲ್ಲ, ದಪ್ಪಗಾದ ಪದರವನ್ನು ಸರಿಪಡಿಸಲು ಕೊಟ್ಟದ್ದೂ ಪ್ರೊಜೆಸ್ಟರಾನ್ ಗುಂಪಿನ ಔಷಧಿಯನ್ನೇ.

ಉತ್ತರ 3

ಪ್ರೊಜೆಸ್ಟರಾನ್‌ನಿಂದ ಸ್ತನ ಕ್ಯಾನ್ಸರ್ ಬರುತ್ತದೆಂದು ನನ್ನ ಸ್ನೇಹಿತೆಯರು ಹೆದರಿಸುತ್ತಾರೆ. ಇದು ನಿಜವೇ, ಡಾಕ್ಟರ್?

ಉತ್ತರ 1 ಬರೆದವರು

ಆ ಭಯ 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾದ ಅಮೆರಿಕದ ದೊಡ್ಡ ಅಧ್ಯಯನದಿಂದ ಬಂದದ್ದು, ಆಧಾರವಿಲ್ಲದ್ದೇನೂ ಅಲ್ಲ. ಆದರೆ ಅಲ್ಲಿ ಕೊಟ್ಟದ್ದು ಮೆಡ್ರಾಕ್ಸಿಪ್ರೊಜೆಸ್ಟರಾನ್ ಅಸಿಟೇಟ್ ಎಂಬ ಕೃತಕ ರೂಪ. ಅಂಡಾಶಯ ಸ್ರವಿಸುವ ಹಾರ್ಮೋನಿನದೇ ರಚನೆಯುಳ್ಳ ಮೈಕ್ರೊನೈಸ್ಡ್ (ಅತಿ ನುಣ್ಣಗೆ ಪುಡಿಮಾಡಿದ) ಪ್ರೊಜೆಸ್ಟರಾನ್‌ನಲ್ಲಿ ಅಪಾಯ ಕಡಿಮೆ ಎಂದು ಫ್ರಾನ್ಸಿನ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಸೂಚಿಸುತ್ತದೆ. ಅಪಾಯವೇ ಇಲ್ಲವೆಂದು ನಾನು ಹೇಳಲಾರೆ. ಎಷ್ಟು ವರ್ಷ ಮುಂದುವರಿಸಬೇಕೆಂಬುದನ್ನು ಪ್ರತಿವರ್ಷ ವೈದ್ಯರೊಂದಿಗೆ ಕುಳಿತು ನಿರ್ಧರಿಸಿ.

ಪ್ರಶ್ನೆ ಕೇಳಿದವರು

ನಿನ್ನೆ ಎಂಟಕ್ಕೆ ಊಟ ಮುಗಿಸಿ ಹತ್ತೂವರೆಗೆ ಕ್ಯಾಪ್ಸೂಲ್ ನುಂಗಿದೆ. ಬೆಳಿಗ್ಗೆ ತಲೆ ಸ್ವಲ್ಪ ಹಗುರವಾಗಿತ್ತು. ಮುಂದಿನ ವಾರ ವೈದ್ಯರನ್ನು ಕಂಡು ಸಾಧನದ ಬಗ್ಗೆಯೂ ಕೇಳುತ್ತೇನೆ. ಅಲ್ಲಿಯವರೆಗೆ ಒಂದು ದಿನವೂ ತಪ್ಪಿಸುವುದಿಲ್ಲ.