ಮನೆ ಗ್ರೂಪಿನಲ್ಲಿ ಜಪಾನ್ ಪೋಸ್ಟರ್

ಮಾವ: (ಫಾರ್ವರ್ಡ್) ಜಪಾನನ್ನು ಹಿಂದಿಕ್ಕಿದ ಭಾರತ! ಈಗ ನಾವು ಜಗತ್ತಿನ 4ನೇ ದೊಡ್ಡ ಆರ್ಥಿಕತೆ! ಹೆಮ್ಮೆಯಿಂದ ಎಲ್ಲ ಗ್ರೂಪಿಗೂ ಕಳಿಸಿ.

ಭಾವ: ಭೇಷ್ ಮಾವ. ಸ್ಟೇಟಸ್‌ಗೆ ಹಾಕಿದೆ.

ತಮ್ಮ: ಮಾವ, ಯೊಕೊಹಾಮಾದಲ್ಲಿ ಕೂತು ಇದನ್ನು ಓದುತ್ತಿದ್ದೇನೆ. ಖುಷಿಯ ಸುದ್ದಿಯೇ, 2025ಕ್ಕೆ ಅಂತರರಾಷ್ಟ್ರೀಯ ಹಣಕಾಸು ನಿಧಿ ಮಾಡಿದ ಅಂದಾಜಿನ ಮೇಲೆ ಹೇಳಿದ್ದು. ಆದರೆ ಇದರಲ್ಲಿ ಯೆನ್ ಬಿದ್ದಿದ್ದರ ಪಾಲೂ ಇದೆ. 2021ರಲ್ಲಿ ಒಂದು ಡಾಲರಿಗೆ 110 ಯೆನ್ ಆಸುಪಾಸು ಇತ್ತು, ಆಮೇಲೆ 150 ದಾಟಿತು. ಲೆಕ್ಕ ಹಾಕುವುದು ಡಾಲರಿನಲ್ಲಿ ಅಲ್ವಾ, ಹಾಗಾಗಿ ಜಪಾನಿನ ಗಾತ್ರ ಕುಗ್ಗಿ ಕಾಣುತ್ತದೆ. ಇಲ್ಲಿರುವುದು 12 ಕೋಟಿ ಜನ, ನಮ್ಮಲ್ಲಿ 140 ಕೋಟಿಗೂ ಜಾಸ್ತಿ. ತಲಾ ಲೆಕ್ಕ ಹಾಕಿದರೆ ಇಲ್ಲಿ ವರ್ಷಕ್ಕೆ 30,000 ಡಾಲರಿಗಿಂತ ಮೇಲೆ, ನಮ್ಮದು 3,000ದ ಒಳಗೆ.

ಮಾವ: ದೇಶಕ್ಕೆ ಒಂದು ಒಳ್ಳೆಯದಾದರೆ ಸಾಕು, ನೀವು ತಲೆ ಎಣಿಸಲು ಶುರು ಮಾಡುತ್ತೀರಿ. ನೀತಿ ಆಯೋಗದ ಸಿಇಒ 2025ರ ಮೇ ತಿಂಗಳಲ್ಲಿ ಹೇಳಿದ ಮಾತು ಇದು, ನಾನು ಕಟ್ಟಿದ ಕಥೆ ಅಲ್ಲ. ಸ್ವಾತಂತ್ರ್ಯ ಬಂದಾಗ ನಮ್ಮವರ ಸರಾಸರಿ ಆಯಸ್ಸು 32 ವರ್ಷ, ಈಗ 70 ದಾಟಿದೆ. 1951ರಲ್ಲಿ ಅಕ್ಷರ ಬಲ್ಲವರು ನೂರಕ್ಕೆ 18 ಜನ. ನಾನು ಬ್ಯಾಂಕಿಗೆ ಸೇರಿದ ಕಾಲದಲ್ಲಿ ಹಳ್ಳಿಯ ಹೆಂಗಸು ಕೌಂಟರ್‌ವರೆಗೆ ಬರುವುದೇ ಅಪರೂಪ, ಈಗ ಹೆಚ್ಚಿನವರ ಹೆಸರಿನಲ್ಲೂ ಖಾತೆ ಇದೆ. ಇದೆಲ್ಲ ಸುಮ್ನೆ ಆಯಿತಾ?

ನಾನು: ಸುಮ್ನೆ ಆಗಲಿಲ್ಲ ಮಾವ. ನೀವು ಹೇಳಿದ ಒಂದೊಂದೂ ನಿಜ, ನಾನು ಅಂಗನವಾಡಿ ಮೇಲ್ವಿಚಾರಕಿ, ಕಣ್ಣಾರೆ ನೋಡುತ್ತೇನೆ. ಹೆರಿಗೆಗೆ ಆಸ್ಪತ್ರೆಗೇ ಹೋಗುತ್ತಾರೆ, ಮನೆಗೆ ಗ್ಯಾಸ್ ಬಂದಿದೆ, ಕರೆಂಟ್ ಬಂದಿದೆ. ನನ್ನ ತಕರಾರು ಆ ಪೋಸ್ಟರಿನ ಕೊನೆಯ ಸಾಲಿನ ಮೇಲೆ. ‘ಇನ್ನು ಬಡ ದೇಶ ಅನ್ನುವವರು ಬಾಯಿ ಮುಚ್ಚಲಿ’ ಅಂತ ಬರೆದಿದೆ. ಅದನ್ನು ಒಪ್ಪುವುದಕ್ಕೆ ನನ್ನಿಂದ ಆಗುವುದಿಲ್ಲ.

ಭಾವ: ಬಡತನವೂ ಇಳಿದಿದೆಯಲ್ಲಮ್ಮ. ಬಹು ಆಯಾಮದ ಬಡತನ 2013-14ರಲ್ಲಿ 29%, 2022-23ರಲ್ಲಿ 11%. ಅದೂ ನೀತಿ ಆಯೋಗದ್ದೇ ಲೆಕ್ಕ.

ನಾನು: ಇಳಿದಿದೆ ಭಾವ, ಅದರಲ್ಲಿ ಎರಡು ಮಾತಿಲ್ಲ. ಆದರೆ 2022-23ರ ಅಂಕಿ ಹಳೆಯ ಸಮೀಕ್ಷೆಗಳ ವೇಗ ನೋಡಿ ಅಂದಾಜು ಮಾಡಿದ್ದು. ಮತ್ತೆ ಅದರೊಳಗೆ ಬ್ಯಾಂಕ್ ಖಾತೆ, ಶೌಚಾಲಯ, ಕರೆಂಟ್, ಅಡುಗೆ ಇಂಧನ ಎಲ್ಲ ಸೇರುತ್ತವೆ. ಸರ್ಕಾರ ಮನಸ್ಸು ಮಾಡಿದರೆ ಇವು ನಾಲ್ಕೈದು ವರ್ಷದಲ್ಲಿ ಮನೆ ಬಾಗಿಲಿಗೆ ಬರುತ್ತವೆ. ಮಗುವಿನ ಮೈ ಹಾಗೆ ಬದಲಾಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಐದು ವರ್ಷದೊಳಗಿನ ಮಕ್ಕಳಲ್ಲಿ 35.5% ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಕರ್ನಾಟಕದ್ದು 35.4%, ಅಂದರೆ ನಮ್ಮ ರಾಜ್ಯ ಇಷ್ಟು ಸಂಪಾದಿಸಿಯೂ ದೇಶದ ಸರಾಸರಿಯಲ್ಲೇ ನಿಂತಿದೆ. ರಕ್ತಹೀನತೆ ಇರುವ ಮಕ್ಕಳು 2015-16ರಲ್ಲಿ 58.6% ಇದ್ದವರು 67.1% ಆದರು. ಏರಿತು ಭಾವ, ಇಳಿಯಲಿಲ್ಲ.

ಭಾವ: ಎತ್ತರದ ವಿಷಯ ಮಾತ್ರ ನಾನು ಒಪ್ಪುವುದಿಲ್ಲ. ನಾವು ಹುಟ್ಟಾ ಕುಳ್ಳಗಿನವರು. ಯುರೋಪಿನ ಮಕ್ಕಳ ಅಳತೆಪಟ್ಟಿ ತಂದು ನಮ್ಮ ಮಕ್ಕಳ ಪಕ್ಕ ಇಟ್ಟರೆ ಎಲ್ಲರೂ ಕುಳ್ಳರೇ.

ನಾನು: ಅದು ಯುರೋಪಿನ ಪಟ್ಟಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಅಳತೆ, ಅದಕ್ಕೆ ಆರು ದೇಶದ ಮಕ್ಕಳನ್ನು ಅಳೆದಿದ್ದಾರೆ: ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ, ಮತ್ತೆ ನಮ್ಮ ದೆಹಲಿ. ಎದೆಹಾಲು ಕುಡಿದು, ಹೊಟ್ಟೆ ತುಂಬ ಉಂಡು, ಚೊಕ್ಕಟವಾಗಿ ಬೆಳೆದ ಮಕ್ಕಳು ಯಾವ ದೇಶದವರಾದರೂ ಮೊದಲ ಐದು ವರ್ಷ ಹೆಚ್ಚುಕಡಿಮೆ ಒಂದೇ ಎತ್ತರ ಬೆಳೆಯುತ್ತಾರೆ.

ತಮ್ಮ: ಭಾವ, ಜಪಾನಿನದ್ದೇ ಕೇಳಿ. ಯುದ್ಧ ಮುಗಿದ ಹೊಸದರಲ್ಲಿ ಇಲ್ಲಿನ 17 ವರ್ಷದ ಹುಡುಗರ ಸರಾಸರಿ ಎತ್ತರ 160 ಸೆಂ.ಮೀ. ಚಿಲ್ಲರೆ. 90ರ ದಶಕಕ್ಕೆ 170 ದಾಟಿತು. ಅದೇ ಜನ, ಅದೇ ರಕ್ತ. ಬದಲಾದದ್ದು ಊಟ, ಆಸ್ಪತ್ರೆ, ನೀರು. ಶಾಲೆಯ ಊಟಕ್ಕೆ 1954ರಲ್ಲೇ ಕಾನೂನು ಮಾಡಿದರು, ಆಗ ಇವರು ಶ್ರೀಮಂತರೇನೂ ಆಗಿರಲಿಲ್ಲ.

ಚಿಕ್ಕಮ್ಮ: ನಮ್ಮಲ್ಲೂ ಶಾಲೆಯಲ್ಲಿ ಊಟ ಹಾಲು ಎಲ್ಲ ಕೊಡುತ್ತಾರಲ್ಲೇ. ಮೊಟ್ಟೆ ಯಾಕೆ ಬೇಕಿತ್ತು? ಬಾಳೆಹಣ್ಣು ಕೊಟ್ಟರೆ ಸಾಲದಾ?

ನಾನು: ಚಿಕ್ಕಮ್ಮ, ಬೇಡ ಅನ್ನುವ ಮಕ್ಕಳಿಗೆ ಬಾಳೆಹಣ್ಣೇ ಕೊಡುತ್ತಾರೆ, ಯಾರ ಬಾಯಿಗೂ ಮೊಟ್ಟೆ ತುರುಕುವುದಿಲ್ಲ. 2021ರ ಡಿಸೆಂಬರಿನಲ್ಲಿ ನಮ್ಮ ಯಾದಗಿರಿ ಕಡೆಯ ಶಾಲೆಗಳಲ್ಲಿ ಶುರುವಾದಾಗ ಕೆಲವು ಮಠದವರು ಬೇಡ ಅಂದರು. ಮಕ್ಕಳು ಬೇಕು ಅಂದರು. ಬಾಳೆಹಣ್ಣು ಒಳ್ಳೆಯದೇ, ಆದರೆ ಮೊಟ್ಟೆಯಲ್ಲಿರುವ ಪ್ರೋಟೀನ್ ಅದರಲ್ಲಿಲ್ಲ. ಮನೆಯಲ್ಲಿ ಮೂರು ಹೊತ್ತೂ ರೊಟ್ಟಿ ಖಾರ ತಿನ್ನುವ ಮಗುವಿಗೆ ಬೇಕಾದದ್ದು ಅದೇ.

ಹೋದ ವಾರ ಸುರಪುರ ತಾಲ್ಲೂಕಿನ ಒಂದು ಅಂಗನವಾಡಿಗೆ ಹೋಗಿದ್ದೆ. ಒಂದೂವರೆ ವರ್ಷದ ಹೆಣ್ಣುಮಗು. ಅಷ್ಟು ಚಿಕ್ಕ ಮಕ್ಕಳ ಎತ್ತರವನ್ನು ಹಲಗೆ ಮೇಲೆ ಮಲಗಿಸಿ ಅಳೆಯಬೇಕು, ಕಾರ್ಯಕರ್ತೆ ತಲೆ ಹಿಡಿದಳು, ನಾನು ಮೊಣಕಾಲು ಒತ್ತಿ ಹಿಡಿದೆ. ಸಾಮಾನ್ಯವಾಗಿ ಮಕ್ಕಳು ಚೀರಾಡಿ ಒದೆಯುತ್ತಾರೆ. ಇದು ಒದೆಯಲಿಲ್ಲ. ತೋಳಿಗೆ ಪಟ್ಟಿ ಸುತ್ತಿದರೆ 11.2 ಸೆಂ.ಮೀ. 11.5ಕ್ಕಿಂತ ಕಡಿಮೆ ಇದ್ದರೆ ಕೆಂಪು ಬಣ್ಣ, ಅಂದರೆ ತೀವ್ರ ಅಪೌಷ್ಟಿಕತೆ. ಇಂಥ ಮಕ್ಕಳಿಗೆ ಚಿಕಿತ್ಸೆ, ಊಟ ಕೊಡುವ ಪುನಶ್ಚೇತನ ಕೇಂದ್ರಕ್ಕೆ ಸೇರಿಸು ಅಂತ ತಾಯಿಗೆ ಅಂದೆ. 14 ದಿನ ತಾಯಿಯೂ ಜೊತೆಗಿರಬೇಕು, ಕೂಲಿ ಬದಲಿಗೆ ಒಂದಿಷ್ಟು ದುಡ್ಡನ್ನೂ ಕೊಡುತ್ತಾರೆ. ಆದರೆ ಆಕೆಗೆ ಮನೆಯಲ್ಲಿ ಇನ್ನೂ ಎರಡು ಮಕ್ಕಳು, ನೋಡಿಕೊಳ್ಳುವವರಿಲ್ಲ. ‘ಎಲ್ಲಿದ್ದೆ ಇಷ್ಟು ದಿನ, ಮಗುವಿನ ತೂಕವೇ ಆಗಿಲ್ಲವಲ್ಲ’ ಅಂತ ಕೇಳಿದರೆ, ‘ಬೆಂಗಳೂರಿಗೆ ಗುಳೆ ಹೋಗಿದ್ದಿವ್ರೀ’ ಅಂದಳು. ಅಪಾರ್ಟ್‌ಮೆಂಟ್ ಕಟ್ಟುವ ಕೆಲಸ. ಇಟ್ಟಿಗೆ ಹೊರುವಾಗ ಮಗು ಮರಳಿನ ರಾಶಿ ಹತ್ತಿರ ಇರುತ್ತಿತ್ತಂತೆ.

ಮಾವ: ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು ಮಗಳೇ. ಆದರೂ ಒಂದು ಮಾತು. ಬೆಂಗಳೂರು ಬೆಳೆಯದಿದ್ದರೆ ಆಕೆಗೆ ಆ ಕೂಲಿಯೂ ಇಲ್ಲ, ನಿನ್ನ ಮೊಟ್ಟೆಗೆ ತೆರಿಗೆ ದುಡ್ಡೂ ಇಲ್ಲ. ಬೆಳವಣಿಗೆ ಮೊದಲು ಬರಬೇಕು.

ನಾನು: ದುಡ್ಡು ಬೇಕು, ನಿಜ. ಆದರೆ ‘ಮೊದಲು ಬೆಳೆಯೋಣ, ಆಮೇಲೆ ನೋಡೋಣ’ ಅಂದರೆ ಆ ಮಗು ಕಾಯುವುದಿಲ್ಲ ಮಾವ. ಮೊದಲ ಎರಡು ವರ್ಷದಲ್ಲಿ ತಪ್ಪಿದ್ದು ಆಮೇಲೆ ಪೂರ್ತಿ ಸಿಗುವುದು ಕಷ್ಟ. ಬೆಳವಣಿಗೆ ತಾನಾಗಿ ಹರಿದು ಬರುತ್ತದೆ ಅನ್ನುವುದಾದರೆ ನಮ್ಮ ರಾಜ್ಯದಲ್ಲೇ ಬರಬೇಕಿತ್ತು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ 88%ಗಿಂತ ಮೇಲೆ, ಯಾದಗಿರಿಯದು 52% ಕೂಡ ಮುಟ್ಟಲಿಲ್ಲ. ರಾಜ್ಯದ ಪ್ರಾದೇಶಿಕ ಅಸಮತೋಲನ ನೋಡಲು ಸರ್ಕಾರ ಮಾಡಿದ್ದ ನಂಜುಂಡಪ್ಪ ಸಮಿತಿ 2002ರಲ್ಲೇ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಬರೆದುಕೊಟ್ಟಿತ್ತು. ಕೇರಳ ನಮಗಿಂತ ಕೈಗಾರಿಕೆ ಕಡಿಮೆ ಇದ್ದಾಗಲೇ ಶಾಲೆ ಆಸ್ಪತ್ರೆ ಕಟ್ಟಿತು. 2020ರಲ್ಲಿ ಅಲ್ಲಿ ಸಾವಿರಕ್ಕೆ 6 ಶಿಶುಗಳು ಸಾಯುತ್ತಿದ್ದವು, ದೇಶದಲ್ಲಿ 28.

ತಮ್ಮ: ಆಯಸ್ಸು, ಓದು, ಆದಾಯ ಮೂರನ್ನೂ ಸೇರಿಸಿ ಅಳೆಯುವ ವಿಶ್ವಸಂಸ್ಥೆಯ 2025ರ ಮಾನವ ಅಭಿವೃದ್ಧಿ ವರದಿಯಲ್ಲಿ 193 ದೇಶಗಳಲ್ಲಿ ನಮ್ಮದು 130ನೇ ಜಾಗ. ಬಾಂಗ್ಲಾದೇಶವೂ ಅದೇ ಜಾಗದಲ್ಲಿದೆ. ಶ್ರೀಲಂಕಾ 89.

ಮಾವ: ಸರಿ, ಎರಡೂ ಅಂಕಿ ಇರಲಿ. ನಾನು ಪೋಸ್ಟರ್ ತೆಗೆಯುವುದಿಲ್ಲ. ಹೆಮ್ಮೆ ಪಡುವುದು ತಪ್ಪಲ್ಲ.

ನಾನು: ತೆಗೆಯಬೇಡಿ ಮಾವ. ಕೆಳಗೆ ಆ 35.5% ಒಂದು ಸಾಲು ಸೇರಿಸಿ, ಅಷ್ಟು ಸಾಕು. ಭಾವ, ನಿಮ್ಮ ಮನೆ ಪಕ್ಕ ದೊಡ್ಡ ಸೈಟ್ ಶುರುವಾಗಿದೆ ಅಂತ ಅಕ್ಕ ಹೇಳುತ್ತಿದ್ದಳು. ಅಲ್ಲಿ ಮಕ್ಕಳು ಎಲ್ಲಿರುತ್ತಾರೆ ಅಂತ ನೋಡಿದ್ದೀರಾ? 50ಕ್ಕಿಂತ ಜಾಸ್ತಿ ಹೆಂಗಸರು ಕೆಲಸ ಮಾಡುವ ಕಡೆ ಮಕ್ಕಳಿಗೆ ಒಂದು ಕೋಣೆ, ನೋಡಿಕೊಳ್ಳಲು ಒಬ್ಬರು ಇರಲೇಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು.

ಭಾವ: ಹಸಿರು ಬಟ್ಟೆ ಕಟ್ಟಿದ ಬೇಲಿ ಪಕ್ಕದಲ್ಲಿ ನಾಲ್ಕೈದು ಮಕ್ಕಳು ಆಡುವುದನ್ನು ನೋಡಿದ್ದೇನೆ. ಕೋಣೆ ಇದೆಯೋ ಇಲ್ಲವೋ ಗೊತ್ತಿಲ್ಲ. ನಾಳೆ ವಾಕಿಂಗ್ ಹೋದಾಗ ಸೈಟ್ ಎಂಜಿನಿಯರ್ ಸಿಕ್ಕರೆ ಕೇಳುತ್ತೇನೆ.

ನಾನು: ಕೇಳಿ ಭಾವ. ಕೋಣೆ ಇಲ್ಲದಿದ್ದರೂ ಹತ್ತಿರದ ಅಂಗನವಾಡಿಗೆ ಸೇರಿಸಬಹುದು, ಯಾವ ಜಿಲ್ಲೆಯ ಮಗುವಾದರೂ ಸರಿ. ಏರಿಯಾ ಹೆಸರು, ವಾರ್ಡ್ ನಂಬರ್ ಕಳಿಸಿ, ಅಲ್ಲಿನ ಕಾರ್ಯಕರ್ತೆ ಯಾರು ಅಂತ ನಾನು ವಿಚಾರಿಸುತ್ತೇನೆ.

ಚಿಕ್ಕಮ್ಮ: ಆ ಹುಡುಗಿ ಈಗ ಹೇಗಿದೆಯೇ?

ನಾನು: ಅಜ್ಜಿಯನ್ನು ಊರಿಂದ ಕರೆಸಿದ್ದೇವೆ, ಉಳಿದ ಎರಡು ಮಕ್ಕಳನ್ನು ನೋಡಿಕೊಳ್ಳಲು. ಸೋಮವಾರ ಸೇರಿಸುತ್ತೇವೆ ಚಿಕ್ಕಮ್ಮ.